ಕಾಸರಗೋಡು ಪೇಟೆಯ ರೆಟಿನಾ ಚಿಕಿತ್ಸಾಲಯ: ಹನ್ನೊಂದು ತಿಂಗಳ ಅನುಭವ

ಕಳೆದ ನವರಾತ್ರಿ ಮುಗಿದ ವಾರದಿಂದ ಇಂದಿನವರೆಗೆ, ಸುಮಾರು ಹನ್ನೊಂದು ತಿಂಗಳಲ್ಲಿ, ನನ್ನ ತಾಯಿಯವರನ್ನು ಕರೆದುಕೊಂಡು ಈ ಚಿಕಿತ್ಸಾಲಯಕ್ಕೆ ಹದಿನಾರು ಸಲ ಹೋಗಿದ್ದೇನೆ. ಇಲ್ಲಿಯ ಬಗ್ಗೆ ಈವರೆಗೆ ಬಂದಿರುವ ಅಭಿಪ್ರಾಯಗಳಲ್ಲಿ ಹೆಚ್ಚಿನವು ಒಂದೇ ಭೇಟಿಯ ಮೇಲೆ ಬರೆದವು. ಕನ್ನಡಕಕ್ಕೋ ಪೊರೆಯ ಶಸ್ತ್ರಚಿಕಿತ್ಸೆಗೋ ಹೋದವರಿಗೆ ಅಷ್ಟು ಸಾಕಾಗಬಹುದು. ಆದರೆ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಹೆಚ್ಚಿನ ಕಾಯಿಲೆಗಳಿಗೆ ಒಂದು ಭೇಟಿಯಲ್ಲಿ ಮುಗಿಯುವ ಚಿಕಿತ್ಸೆ ಇಲ್ಲ. ಅಲ್ಲಿಗೆ ತಿಂಗಳು ತಿಂಗಳು ಹೋಗಬೇಕು, ವರ್ಷಗಟ್ಟಲೆ ಹೋಗಬೇಕು. ಹಾಗಾಗಿ ಇಂಥ ಸೇವೆಯನ್ನು ಅಳೆಯಬೇಕಾದದ್ದು ಅಲ್ಲಿರುವ ಯಂತ್ರದ ಬೆಲೆಯಿಂದಲ್ಲ, ರೋಗಿಯನ್ನು ವರ್ಷವಿಡೀ ಕೈಬಿಡದೆ ಹಿಡಿದುಕೊಳ್ಳುವ ಶಕ್ತಿಯಿಂದ ಎಂಬುದು ನನ್ನ ಅಭಿಪ್ರಾಯ. ಆ ಅಳತೆಯಲ್ಲಿ ಈ ಚಿಕಿತ್ಸಾಲಯಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕಡಿಮೆಯಾದ ಆ ಒಂದು ಸಣ್ಣದಲ್ಲ, ಅದರ ಕಾರಣವನ್ನೂ ಬರೆಯುತ್ತೇನೆ.

ನಮ್ಮ ಮನೆ ಪೆರ್ಲದ ಸಮೀಪ. ಅಮ್ಮನಿಗೆ 67 ವರ್ಷ, ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಕಳೆದ ವರ್ಷದ ಬೇಸಗೆಯಲ್ಲಿ ಒಂದು ಬೆಳಗ್ಗೆ ಜಗಲಿಯಲ್ಲಿ ಕುಳಿತಿದ್ದವರು ಬಲಗಣ್ಣೊಂದರಿಂದಲೇ ತೋಟದ ಕಡೆಗೆ ನೋಡುತ್ತಾ, "ಎನಗೆ ಮರ ಓರೆ ಕಾಣ್ತು ಮಗಾ" ಎಂದರು. ಅಂಗಳದಂಚಿನ ಅಡಿಕೆ ಮರ ನೆಟ್ಟಗೆ ನಿಂತಿತ್ತು. ಅವರ ಕಣ್ಣಿಗೆ ಅದು ನಡುವಿನಲ್ಲಿ ಬಾಗಿ, ಮತ್ತೆ ನೇರವಾಗಿ ಮೇಲೆ ಹೋದಂತೆ ಕಾಣುತ್ತಿತ್ತು. ಆಗ ನಾವು ತೋರಿಸಿದ ಜಾಗದಲ್ಲಿ, ಅದು ಈ ಚಿಕಿತ್ಸಾಲಯವಲ್ಲ, ಪೊರೆ ಬೆಳೆಯುತ್ತಿದೆ ಎಂದು ಹೇಳಿ ಕನ್ನಡಕ ಬದಲಿಸಿದರು. ಎರಡು ತಿಂಗಳ ಬಳಿಕ ಮತ್ತೊಮ್ಮೆ ಬದಲಿಸಿದರು. ಪಾಪೆ ಹಿಗ್ಗಿಸುವ ಹನಿ ಹಾಕಿ ಕಣ್ಣಿನ ಒಳಗೆ ನೋಡಲೇ ಇಲ್ಲ. ನೇರ ಗೆರೆ ಡೊಂಕಾಗಿ ಕಾಣುವುದು ಪೊರೆಯ ಲಕ್ಷಣವಲ್ಲ, ಅಕ್ಷಿಪಟಲದ ನಡುಭಾಗವಾದ ಮ್ಯಾಕುಲಾದ ತೊಂದರೆಯ ಲಕ್ಷಣ ಎಂಬುದು ನನಗೆ ಆಗ ತಿಳಿದಿದ್ದರೆ ಆರು ತಿಂಗಳು ಉಳಿಯುತ್ತಿತ್ತು. ಇದನ್ನು ಓದುವವರ ಮನೆಯಲ್ಲಿ ಯಾರಾದರೂ ಬಾಗಿಲಿನ ದಾರಂದವೋ ಕ್ಯಾಲೆಂಡರಿನ ಗೆರೆಯೋ ಓರೆಯಾಗಿ ಕಾಣುತ್ತದೆ ಎಂದರೆ, ದಯವಿಟ್ಟು ಕನ್ನಡಕದ ಅಂಗಡಿಗೆ ಹೋಗಬೇಡಿ, ರೆಟಿನಾ ನೋಡುವ ವೈದ್ಯರಲ್ಲಿಗೆ ಹೋಗಿ.

ಇಲ್ಲಿ ಮೊದಲ ದಿನವೇ ಎರಡೂ ಕಣ್ಣಿಗೆ ಮದ್ದು ಬಿಟ್ಟು ಅರ್ಧ ಗಂಟೆ ಕೂರಿಸಿದರು. ಬಳಿಕ ಓಸಿಟಿ ಸ್ಕ್ಯಾನ್ ಮಾಡಿದರು. ಯಂತ್ರದ ಮುಂದೆ ಗಲ್ಲ ಇಟ್ಟು ಒಳಗೆ ಕಾಣುವ ಸಣ್ಣ ಬೆಳಕಿನ ಗುರುತನ್ನು ದಿಟ್ಟಿಸಿದರೆ ಸಾಕು, ಯಾವುದೂ ಕಣ್ಣಿಗೆ ತಾಗುವುದಿಲ್ಲ. ಮಲಯಾಳ ಮನೆಮಾತಿನ ತಂತ್ರಜ್ಞೆ ತನಗೆ ಬರುವಷ್ಟು ಕನ್ನಡದಲ್ಲಿ, "ಕಣ್ಣು ಮುಚ್ಚಬೇಡಿ ಅಮ್ಮಾ, ಈಗ ಮುಗಿಯಿತು" ಎಂದು ಪ್ರತಿ ಸಲವೂ ಹೇಳುತ್ತಿದ್ದುದು ಅಮ್ಮನಿಗೆ ದೊಡ್ಡ ಧೈರ್ಯವಾಯಿತು. ಶಬ್ದದ ಅಲೆಯಿಂದ ಹೊಟ್ಟೆಯ ಸ್ಕ್ಯಾನ್ ಮಾಡುವಂತೆ, ಇಲ್ಲಿ ಬೆಳಕಿನಿಂದ ಅಕ್ಷಿಪಟಲದ ಪದರಗಳನ್ನು ಅಡ್ಡಕ್ಕೆ ಕೊಯ್ದು ನೋಡಿದಂತಹ ಚಿತ್ರ ಸಿಗುತ್ತದೆ. ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್, ಜೇಮ್ಸ್ ಫ್ಯುಜಿಮೊಟೊ ಮತ್ತವರ ಸಂಗಡಿಗರು 1991ರಲ್ಲಿ ಈ ವಿಧಾನವನ್ನು ಮೊದಲು ಪ್ರಕಟಿಸಿದರು. ಈ ಮೂವರಿಗೆ 2023ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಸಂಶೋಧನಾ ಪ್ರಶಸ್ತಿಯಾದ ಲಾಸ್ಕರ್ ಪ್ರಶಸ್ತಿ ಬಂತು. ಈ ಸ್ಕ್ಯಾನ್ ಬರುವ ಮೊದಲು ಮ್ಯಾಕುಲಾದಲ್ಲಿ ನೀರು ತುಂಬಿದೆಯೇ ಎಂಬುದನ್ನು ವೈದ್ಯರು ಮಸೂರದ ಮೂಲಕ ಕಣ್ಣಳತೆಯಲ್ಲಿ ಅಂದಾಜಿಸಬೇಕಿತ್ತು, ಇಲ್ಲವೆ ಕೈಯ ನರಕ್ಕೆ ಬಣ್ಣದ ಮದ್ದು ಕೊಟ್ಟು ಫೋಟೋ ತೆಗೆಯಬೇಕಿತ್ತು. ಈಗ ಊದಿದ ಮ್ಯಾಕುಲಾದ ದಪ್ಪ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಎಂದು ಅಂಕಿಯಲ್ಲಿ ಬರುತ್ತದೆ. ಅಮ್ಮನ ಬಲಗಣ್ಣಿನದು ಆ ದಿನ 468 ಮೈಕ್ರಾನ್ ಇತ್ತು. ಆರೋಗ್ಯವಂತ ಕಣ್ಣಿನಲ್ಲಿ ಅದು ಸುಮಾರು 250ರ ಆಸುಪಾಸು ಇರುತ್ತದೆ. ದೃಷ್ಟಿಯ ಹಲಗೆಯಲ್ಲಿ ಅವರು ಓದಿದ್ದು 6/36ರ ಸಾಲಿನವರೆಗೆ ಮಾತ್ರ, ಸರಿಯಾದ ದೃಷ್ಟಿ ಎಂದರೆ 6/6.

ಈ ಚಿಕಿತ್ಸಾಲಯವನ್ನು ನಾನು ಮೆಚ್ಚಿಕೊಂಡದ್ದು ಇದರ ನಂತರದ ಹದಿನೈದು ನಿಮಿಷಗಳಿಂದ. ವೈದ್ಯರು ಸ್ಕ್ಯಾನಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ನಡುವಿನಲ್ಲಿ ತಗ್ಗಿರಬೇಕಾದ ಜಾಗ ಗುಡ್ಡೆಯಾಗಿತ್ತು, ಅದರೊಳಗೆ ಕಪ್ಪು ಗುಳ್ಳೆಗಳಿದ್ದವು. ಅಮ್ಮನಿಗೆ ತೋಟವಿದೆ ಎಂದು ತಿಳಿದುಕೊಂಡು ಅವರು ಹೇಳಿದ್ದು ಹೀಗೆ: ಸ್ಪ್ರಿಂಕ್ಲರಿನ ಪೈಪಿನ ಜೋಡಣೆಯಲ್ಲಿ ನೀರು ಜಿನುಗಿ ಮರದ ಬುಡ ಕೆಸರಾಗುತ್ತದಲ್ಲ, ಸಕ್ಕರೆಯಿಂದ ಹಾಳಾದ ಸಣ್ಣ ರಕ್ತನಾಳಗಳು ಹಾಗೆಯೇ ಜಿನುಗಿ ಈ ಜಾಗ ಕೆಸರಾಗಿದೆ. ರಕ್ತ ಸಾಲದ ಅಕ್ಷಿಪಟಲ ಒಂದು ಪ್ರೋಟೀನನ್ನು ಹೊರಡಿಸುತ್ತದೆ, ಅದು ಈ ಜಿನುಗುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ಕಣ್ಣಿಗೆ ಕೊಡುವ ಚುಚ್ಚುಮದ್ದು ಆ ಪ್ರೋಟೀನನ್ನು ಹಿಡಿದು ಕಟ್ಟಿಹಾಕುತ್ತದೆ. ಅಮ್ಮ ತಕ್ಷಣ ಕೇಳಿದರು, ಹಾಗಾದರೆ ಪೈಪು ರಿಪೇರಿಯಾಗುವುದಿಲ್ಲವೇ ಎಂದು. ಇಲ್ಲ ಅಮ್ಮ, ಕೆಸರು ಆರುತ್ತದೆ, ಪೈಪು ಹಳತೇ ಉಳಿಯುತ್ತದೆ, ಅದಕ್ಕೇ ನೀವು ಮತ್ತೆ ಮತ್ತೆ ಬರಬೇಕು ಎಂದರು ವೈದ್ಯರು. ಇಷ್ಟು ಸತ್ಯವನ್ನು ಮೊದಲ ದಿನವೇ ಹೇಳುವ ವೈದ್ಯರನ್ನು ನಾನು ಹೆಚ್ಚು ಕಂಡಿಲ್ಲ.

ಆ ಪ್ರೋಟೀನಿನ ಹೆಸರು ವಿಇಜಿಎಫ್. 1989ರಲ್ಲಿ ನೆಪೋಲಿಯೋನೆ ಫೆರಾರಾ ಅದನ್ನು ಬೇರ್ಪಡಿಸಿ ತೋರಿಸಿದ್ದು ರಕ್ತನಾಳಗಳನ್ನು ಬೆಳೆಸುವ ಅಂಶವನ್ನು ಹುಡುಕುತ್ತಿದ್ದ ಕಾಲದಲ್ಲಿ. ಅದನ್ನು ತಡೆಯುವ ಬೆವಾಸಿಝುಮ್ಯಾಬ್ ಎಂಬ ಮದ್ದಿಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಕರುಳಿನ ಕ್ಯಾನ್ಸರಿಗೆ. ಮರುವರ್ಷ ಅದರ ಒಂದು ಹನಿಯಷ್ಟನ್ನು ಕಣ್ಣಿಗೆ ಕೊಟ್ಟು ನೋಡಿದಾಗ ಫಲ ಕಂಡಿತು. ಕಣ್ಣಿಗೆಂದೇ ತಯಾರಾದ ರಾನಿಬಿಝುಮ್ಯಾಬ್ 2006ರಲ್ಲಿ, ಅಫ್ಲಿಬರ್ಸೆಪ್ಟ್ 2011ರಲ್ಲಿ ಅಲ್ಲಿ ಬಳಕೆಗೆ ಬಂದವು. ನಮ್ಮ ದೇಶದಲ್ಲಿ 2015ರಿಂದ ರಾನಿಬಿಝುಮ್ಯಾಬಿನ ಭಾರತೀಯ ತಯಾರಿಕೆಯೂ ಸಿಗುತ್ತದೆ. ಅಗ್ಗದ್ದಕ್ಕೂ ದುಬಾರಿಯದಕ್ಕೂ ನಡುವೆ ಒಂದು ಚುಚ್ಚುಮದ್ದಿಗೆ ಹತ್ತಾರು ಸಾವಿರ ರೂಪಾಯಿಗಳ ಅಂತರವಿದೆ ಎಂದು ಕೇಳಿದಾಗ ನನಗೆ ಕೈಕಾಲು ತಣ್ಣಗಾಯಿತು. ಅಡಿಕೆಯ ಬೆಲೆ ನೋಡಿಕೊಂಡು ಬದುಕುವ ನಮ್ಮಂತಹ ಮನೆಗಳಲ್ಲಿ ಯಾವ ಮದ್ದು ಎಂಬ ಪ್ರಶ್ನೆಯೂ ಎಷ್ಟು ತಿಂಗಳು ಎಂಬ ಪ್ರಶ್ನೆಯೂ ಒಂದೇ. ದುಬಾರಿಯದನ್ನು ಆರಂಭಿಸಿ ಹಣ ಮುಗಿದಾಗ ನಿಲ್ಲಿಸುವುದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಇಲ್ಲಿ ಸಂಶೋಧನೆ ನಮ್ಮ ಕಿಸೆಯವರೆಗೆ ಬಂದುದನ್ನು ನಾನು ಕಣ್ಣಾರೆ ಕಂಡೆ. ವೈದ್ಯರು ಯಾವ ಮದ್ದನ್ನೂ ಹೇರಲಿಲ್ಲ. ಅಮೆರಿಕದ ರೆಟಿನಾ ಸಂಶೋಧನಾ ಜಾಲವೊಂದು ಈ ಮೂರು ಮದ್ದುಗಳನ್ನು ಮಧುಮೇಹಿಗಳ ಕಣ್ಣಿನಲ್ಲಿ ಹೋಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ದೃಷ್ಟಿ ಸ್ವಲ್ಪವೇ ಕೆಟ್ಟಿದ್ದರೆ ಮೂರೂ ಸಮ. ಅಮ್ಮನಷ್ಟು ಕೆಟ್ಟಿದ್ದರೆ ಮೊದಲ ವರ್ಷದಲ್ಲಿ ಅಫ್ಲಿಬರ್ಸೆಪ್ಟ್ ಮೇಲು. ಅದೇ ಜಾಲ 2022ರಲ್ಲಿ ಇನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟಿತು: ಅಗ್ಗದ ಬೆವಾಸಿಝುಮ್ಯಾಬಿನಿಂದ ಆರಂಭಿಸಿ, ಸಾಲದಿದ್ದರೆ ಮಾತ್ರ ಅಫ್ಲಿಬರ್ಸೆಪ್ಟಿಗೆ ಬದಲಿಸಿದರೆ ಏನಾಗುತ್ತದೆ? 312 ಕಣ್ಣುಗಳನ್ನು ಎರಡು ವರ್ಷ ಗಮನಿಸಿದ ಆ ಅಧ್ಯಯನದಲ್ಲಿ, ಆರಂಭದಿಂದಲೇ ದುಬಾರಿ ಮದ್ದು ಪಡೆದವರಿಗೂ ಹೀಗೆ ಹಂತ ಹಂತವಾಗಿ ಪಡೆದವರಿಗೂ ದೃಷ್ಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಅಗ್ಗದ್ದರಿಂದ ಆರಂಭಿಸಿದ ಕಣ್ಣುಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಎರಡು ವರ್ಷದೊಳಗೆ ಬದಲಿಸಬೇಕಾಗಿ ಬಂತು. ಈ ಎರಡೂ ಮಾತುಗಳನ್ನು, ಎರಡನೆಯದನ್ನು ಮುಚ್ಚಿಡದೆ, ವೈದ್ಯರು ಒಂದು ಕಾಗದದ ಮೇಲೆ ಬರೆದು ಕೊಟ್ಟು, ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದರು. ನಾವು ಹಂತದ ದಾರಿಯನ್ನು ಆರಿಸಿಕೊಂಡೆವು.

ಚುಚ್ಚುಮದ್ದಿನ ಹೆಸರು ಕೇಳಿಯೇ ಹಿಂಜರಿಯುವವರಿಗಾಗಿ ಒಂದಿಷ್ಟು ವಿವರ. ಕಣ್ಣಿಗೆ ಮರಗಟ್ಟಿಸುವ ಹನಿ ಬಿಡುತ್ತಾರೆ. ಬಳಿಕ ಕಂದು ಬಣ್ಣದ ಅಯೋಡಿನ್ ಮದ್ದಿನಿಂದ ರೆಪ್ಪೆಯನ್ನೂ ಕಣ್ಣನ್ನೂ ತೊಳೆಯುತ್ತಾರೆ, ಸೋಂಕು ತಡೆಯಲು ಅದು ಬಹಳ ಮುಖ್ಯ. ಮುಖದ ಮೇಲೆ ಕಿಂಡಿ ಇರುವ ಬಟ್ಟೆ ಹೊದೆಸಿ, ರೆಪ್ಪೆಗಳನ್ನು ಸಣ್ಣ ತಂತಿಯ ಕೊಕ್ಕೆಯಿಂದ ತೆರೆದಿಡುತ್ತಾರೆ. ಮದ್ದಿನ ಅಳತೆ 0.05 ಮಿಲಿಲೀಟರ್ ಮಾತ್ರ. ಕಪ್ಪು ಗುಡ್ಡೆಯ ಅಂಚಿನಿಂದ ಸುಮಾರು ನಾಲ್ಕು ಮಿಲಿಮೀಟರ್ ದೂರದಲ್ಲಿ, ಬಿಳಿ ಭಾಗದಲ್ಲಿ ಸೂಜಿ ಹೋಗುತ್ತದೆ. ಚುಚ್ಚಿದ್ದು ತಿಳಿಯಲೇ ಇಲ್ಲ, ಕೊಕ್ಕೆಯದ್ದೇ ಕಿರಿಕಿರಿ ಎಂದರು ಅಮ್ಮ. ಆ ದಿನ ಕಪ್ಪು ಗುಳ್ಳೆಯೊಂದು ತೇಲಿದಂತೆ ಕಾಣಬಹುದು, ಮರುದಿನಕ್ಕೆ ಹೋಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಅದು ಕಂಡಾಗ ನಾವು ಗಾಬರಿಯಾಗಲಿಲ್ಲ. ಎರಡನೆಯ ಸಲ ಮಾತ್ರ ಬಿಳಿ ಭಾಗದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪಾಯಿತು. ರಾತ್ರಿ ಒಂಬತ್ತು ಗಂಟೆಗೆ ಕಾರ್ಡಿನಲ್ಲಿದ್ದ ನಂಬರಿಗೆ ಕರೆ ಮಾಡಿದೆ. ಒಬ್ಬರು ಎತ್ತಿದರು. ನೋವಿದೆಯೇ, ಮಂಜು ಕವಿದಿದೆಯೇ, ಬೆಳಕು ನೋಡಲು ಕಷ್ಟವೇ ಎಂದು ಮೂರು ಪ್ರಶ್ನೆ ಕೇಳಿ, ಫೋಟೋ ಕಳುಹಿಸಲು ಹೇಳಿ, ಹತ್ತು ನಿಮಿಷದಲ್ಲಿ ವೈದ್ಯರೇ ಮಾತನಾಡಿದರು. ಹೊರಪದರದ ಸಣ್ಣ ನಾಳ ಒಡೆದದ್ದು, ತಾನೇ ಹೋಗುತ್ತದೆ, ನೋವು ಬಂದರೆ ಮಾತ್ರ ರಾತ್ರಿಯೇ ಆದರೂ ಹೊರಡಿ ಎಂದರು. ಒಳಗೆ ಸೋಂಕಾಗುವುದು ಅಪರೂಪ, ಆದರೆ ಹಾಗೇನಾದರೂ ಆದಲ್ಲಿ ಗಂಟೆಗಳೊಳಗೆ ಚಿಕಿತ್ಸೆ ಬೇಕು. ಹಾಗಾಗಿ ರಾತ್ರಿ ಎತ್ತುವ ಆ ಫೋನು ಈ ಸೇವೆಯ ಬಹಳ ಬೆಲೆಯುಳ್ಳ ಭಾಗ.

ಮೂರು ಚುಚ್ಚುಮದ್ದಿನ ನಂತರ ಊತ 468ರಿಂದ 410ಕ್ಕೆ ಇಳಿಯಿತು, ದೃಷ್ಟಿ 6/24ಕ್ಕೆ ಬಂತು. ಇದು ಸಾಲದು ಎಂದು ವೈದ್ಯರು ಹೇಳಿದ್ದು ನಮಗೆ ಆಘಾತವಾಗಲಿಲ್ಲ, ಏಕೆಂದರೆ ಆ ಸಾಧ್ಯತೆಯನ್ನು ಕಾಗದದಲ್ಲಿ ಬರೆದೇ ಕೊಟ್ಟಿದ್ದರು. ಮದ್ದು ಬದಲಾಯಿತು. ಎಪ್ರಿಲ್ ಹೊತ್ತಿಗೆ 296 ಮೈಕ್ರಾನ್, ದೃಷ್ಟಿ 6/12. ಅಮ್ಮ ಪಂಚಾಂಗದ ತಿಥಿ ನಕ್ಷತ್ರಗಳನ್ನು ಕನ್ನಡಕ ಹಾಕಿ ತಾವೇ ಓದತೊಡಗಿದರು.

ಎಡಗಣ್ಣಿನ ಕಥೆ ಬೇರೆ. ಅದರಲ್ಲಿ ಊತವಿರಲಿಲ್ಲ, ಆದರೆ ಹೊಸ ದುರ್ಬಲ ರಕ್ತನಾಳಗಳು ಹುಟ್ಟಿಕೊಂಡಿದ್ದವು. ಅವು ಒಡೆದು ಒಳಗೆ ರಕ್ತ ಸುರಿದರೆ ಒಮ್ಮೆಗೇ ಕತ್ತಲಾಗುವ ಅಪಾಯವಿತ್ತು. ಅದಕ್ಕೆ ಎರಡು ಕಂತಿನಲ್ಲಿ ಲೇಸರ್ ಮಾಡಿದರು. ಅಂಚಿನ ಅಕ್ಷಿಪಟಲವನ್ನು ಅಲ್ಲಲ್ಲಿ ಸುಟ್ಟು ನಡುವನ್ನು ಉಳಿಸುವ ಈ ಉಪಾಯದ ಮೂಲ ಒಂದು ಗ್ರಹಣದಲ್ಲಿದೆ. 1945ರ ಸೂರ್ಯಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಿ ಅಕ್ಷಿಪಟಲ ಸುಟ್ಟುಕೊಂಡವರ ಕಣ್ಣನ್ನು ಕಂಡ ಜರ್ಮನಿಯ ವೈದ್ಯ ಗೆರ್ಡ್ ಮೇಯರ್ ಶ್ವಿಕೆರಾತ್, ಅದೇ ಸುಡುವ ಬೆಳಕನ್ನು ಮದ್ದಾಗಿ ಬಳಸುವ ಯೋಚನೆಗೆ ಬಂದರು. ಸರಿಯಾದ ಹೊತ್ತಿನಲ್ಲಿ ಲೇಸರ್ ಮಾಡಿದರೆ ತೀವ್ರ ದೃಷ್ಟಿನಾಶದ ಅಪಾಯ ಅರ್ಧದಷ್ಟಾದರೂ ತಗ್ಗುತ್ತದೆ ಎಂದು 1976ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿಕೊಟ್ಟಿತು. ಲೇಸರಿನ ಬಳಿಕ ಅಮ್ಮನಿಗೆ ಮುಸ್ಸಂಜೆಯ ಹೊತ್ತು ಅಂಗಳ ಮೊದಲಿಗಿಂತ ಬೇಗ ಕತ್ತಲಾದಂತೆ ಕಾಣುತ್ತದೆ. ಇದನ್ನೂ ಮೊದಲೇ ಹೇಳಿದ್ದರು.

ಇನ್ನು ಆ ಕಡಿಮೆಯಾದ ಒಂದು ಅಂಕದ ವಿಚಾರ. ಮೇ ತಿಂಗಳಲ್ಲಿ ನಮ್ಮ ಕುಟುಂಬದಲ್ಲಿ ಒಂದು ಸಾವಾಯಿತು. ಸೂತಕ, ಹನ್ನೆರಡರ ಕಾರ್ಯ, ಅದರ ಬೆನ್ನಿಗೆ ಮಳೆ, ತೋಟಕ್ಕೆ ಮದ್ದು ಬಿಡುವ ಕೆಲಸ. ಅಮ್ಮ ಚೆನ್ನಾಗಿ ಕಾಣುತ್ತಿದೆ ಎನ್ನುತ್ತಿದ್ದರು, ನಾನೂ ಒಪ್ಪಿದೆ. ಹೀಗೆ ಒಂದು ಚುಚ್ಚುಮದ್ದು ಐದು ವಾರ ತಡವಾಯಿತು. ಜೂನ್ ನಡುವಿನಲ್ಲಿ ಹೋದಾಗ ಊತ ಮತ್ತೆ 372ಕ್ಕೆ ಏರಿತ್ತು. ತಪ್ಪಿನ ದೊಡ್ಡ ಪಾಲು ನನ್ನದೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಐದು ವಾರಗಳಲ್ಲಿ ಚಿಕಿತ್ಸಾಲಯದಿಂದ ಒಂದು ಕರೆಯೂ, ಒಂದು ಮೆಸೇಜೂ ಬರಲಿಲ್ಲ. ತಪ್ಪಿದವರ ಪಟ್ಟಿಯನ್ನು ನೋಡುವ ವ್ಯವಸ್ಥೆಯೇ ಇಲ್ಲ ಎಂದು ವಿಚಾರಿಸಿದಾಗ ತಿಳಿಯಿತು. ಮತ್ತೆ ಮತ್ತೆ ಬರಬೇಕು ಎಂಬುದೇ ಈ ಚಿಕಿತ್ಸೆಯ ಜೀವಾಳವಾಗಿರುವಾಗ, ಬಾರದವರನ್ನು ಹುಡುಕುವುದು ಚಿಕಿತ್ಸೆಯ ಭಾಗವೇ ಆಗಬೇಕು. ರಾತ್ರಿ ಒಂಬತ್ತಕ್ಕೆ ಫೋನ್ ಎತ್ತುವವರಿಗೆ ಹಗಲಿನಲ್ಲಿ ಒಂದು ಕರೆ ಮಾಡುವುದು ಭಾರವಲ್ಲ.

ಎರಡನೆಯ ಕೊರತೆ ಭಾಷೆಯದು. ಚುಚ್ಚುಮದ್ದಿಗೆ ಮೊದಲು ಸಹಿ ಮಾಡಬೇಕಾದ ಒಪ್ಪಿಗೆ ಪತ್ರ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಮಾತ್ರ ಇದೆ. ಅಮ್ಮ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವರು, ಕನ್ನಡವಲ್ಲದೆ ಬೇರೆ ಲಿಪಿ ಬಾರದವರು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಷ್ಟೋ ಹಿರಿಯರ ಸ್ಥಿತಿ ಇದೇ. ಕಣ್ಣಿನೊಳಗೆ ಸೂಜಿ ಹೋಗುವ ಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಏನಕ್ಕೆ ಒಪ್ಪುತ್ತಿದ್ದೇವೆಂದು ತಾವೇ ಓದಿ ತಿಳಿಯುವಂತಿರಬೇಕು. ಗೆರೆ ಡೊಂಕಾಗಿ ಕಾಣುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಲು ಕೊಡುವ, ಗೆರೆಗಳ ಚೌಕಟ್ಟಿರುವ ಆಮ್ಸ್ಲರ್ ಹಾಳೆಯ ಹಿಂಬದಿಯ ಸೂಚನೆ ಮಾತ್ರ ಕನ್ನಡದಲ್ಲಿದೆ, ಅದು ನಿಜಕ್ಕೂ ಒಳ್ಳೆಯ ಕೆಲಸ. ಅಮ್ಮ ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಬೆಳಗ್ಗೆ ಚಹಾಕ್ಕೆ ನೀರಿಟ್ಟು ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಾರೆ.

ಕಾಯುವಿಕೆಯೂ ಹೆಚ್ಚು. ಮದ್ದು ಬಿಟ್ಟ ಮೇಲೆ ಸ್ಕ್ಯಾನ್, ಬಳಿಕ ವೈದ್ಯರು ಎಂದು ಮೂರು ಗಂಟೆ ಹೋದದ್ದಿದೆ. ಸಕ್ಕರೆ ಕಾಯಿಲೆಯವರಿಗೆ ಅಷ್ಟು ಹೊತ್ತು ಹಸಿದು ಕೂರುವುದು ಅಪಾಯ. ಒಳಗೆ ತಿನ್ನಲು ಏನೂ ಸಿಗುವುದಿಲ್ಲ, ಬುತ್ತಿ ಒಯ್ಯಿರಿ.

ಇಷ್ಟಿದ್ದರೂ ನಾಲ್ಕು ಅಂಕ ಏಕೆ ಎಂದರೆ, ಈ ಸೇವೆ ಜಿಲ್ಲೆಯ ಒಳಗೆ ಇರುವುದೇ ನಮಗೆ ದೊಡ್ಡ ಮಾತು. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದುದನ್ನು ಇಲ್ಲಿಯ ಯಾರೂ ಮರೆತಿಲ್ಲ. ಆಗ ನನ್ನ ದೊಡ್ಡಪ್ಪನವರಿಗೆ ಮಂಗಳೂರಿನಲ್ಲಿ ಇದೇ ಚುಚ್ಚುಮದ್ದು ನಡೆಯುತ್ತಿತ್ತು. ತಿಂಗಳುಗಳು ತಪ್ಪಿದವು. ಅವರ ಆ ಕಣ್ಣು ಮೊದಲಿನಂತೆ ಆಗಲಿಲ್ಲ. ಈಗ ಪೆರ್ಲದಿಂದ ಬದಿಯಡ್ಕ, ಚೆರ್ಕಳ ದಾರಿಯಾಗಿ ಒಂದು ಗಂಟೆಯ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮನೆಗೆ ಬರಬಹುದು.

ಚಿಕಿತ್ಸಾಲಯದವರು ತಿಂಗಳಿಗೊಮ್ಮೆ ಹಳ್ಳಿಗಳಿಗೆ ಕೈಯಲ್ಲಿ ಹಿಡಿಯುವ ಕ್ಯಾಮರಾ ತಂದು ಮಧುಮೇಹಿಗಳ ಅಕ್ಷಿಪಟಲದ ಫೋಟೋ ತೆಗೆಯುತ್ತಾರೆ. ನಮ್ಮೂರ ಗ್ರಂಥಾಲಯದ ಕೋಣೆಯಲ್ಲಿ ನಡೆದ ಶಿಬಿರಕ್ಕೆ ನಾನೂ ಹೋಗಿದ್ದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ, ಕೇರಳದಲ್ಲಂತೂ ವಯಸ್ಕರಲ್ಲಿ ನಾಲ್ವರಿಗೊಬ್ಬರು. 40 ದಾಟಿದ ಮಧುಮೇಹಿಗಳಲ್ಲಿ ನೂರಕ್ಕೆ 12.5 ಮಂದಿಗೆ ಅಕ್ಷಿಪಟಲಕ್ಕೆ ತಾಗಿದೆ, 4 ಮಂದಿಗೆ ದೃಷ್ಟಿಗೇ ಕುತ್ತು ತರುವ ಹಂತದಲ್ಲಿದೆ ಎಂದು 2022ರ ಇನ್ನೊಂದು ರಾಷ್ಟ್ರೀಯ ಅಧ್ಯಯನ ಹೇಳುತ್ತದೆ. ಇಷ್ಟು ಜನರನ್ನು ಬೆರಳೆಣಿಕೆಯ ರೆಟಿನಾ ವೈದ್ಯರು ನೋಡಿ ಮುಗಿಸಲಾರರು. ಫೋಟೋವನ್ನು ಕಂಪ್ಯೂಟರೇ ಓದಿ ಯಾರನ್ನು ವೈದ್ಯರಲ್ಲಿಗೆ ಕಳುಹಿಸಬೇಕೆಂದು ಹೇಳುವ ವಿಧಾನದ ಬಗ್ಗೆ ಗೂಗಲ್ಲಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಮ್ಮ ದೇಶದ ಕಣ್ಣಾಸ್ಪತ್ರೆಗಳಾದ ಅರವಿಂದ, ಶಂಕರ ನೇತ್ರಾಲಯ, ನಾರಾಯಣ ನೇತ್ರಾಲಯಗಳ ಫೋಟೋಗಳೂ ಸೇರಿದ್ದವು. ಇದು ನಮ್ಮ ಹಳ್ಳಿಗಳಿಗೆ ಹೇಳಿ ಮಾಡಿಸಿದ ಉಪಾಯ. ಒಂದೇ ಎಚ್ಚರ: ಫೋಟೋದಲ್ಲಿ ರಕ್ತಸ್ರಾವ ಕಾಣುತ್ತದೆ, ಊತದ ದಪ್ಪ ಅಳೆಯಲು ಬರುವುದಿಲ್ಲ. ಮರ ಓರೆ ಕಾಣುವವರು ಶಿಬಿರದ ಫೋಟೋ ಚೆನ್ನಾಗಿದೆ ಎಂದು ಸುಮ್ಮನಿರಬಾರದು.

ಹೋಗುವವರು ಇತ್ತೀಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) ಮತ್ತು ರಕ್ತದೊತ್ತಡದ ಚೀಟಿಗಳನ್ನು ತಪ್ಪದೆ ಒಯ್ಯಿರಿ, ವೈದ್ಯರು ಮೊದಲು ಕೇಳುವುದೇ ಅವನ್ನು. ಜೊತೆಗೆ ಒಬ್ಬರು ಇರಲಿ, ಪಾಪೆ ಹಿಗ್ಗಿದ ಕಣ್ಣಿನಲ್ಲಿ ನಾಲ್ಕಾರು ಗಂಟೆ ಬಿಸಿಲಿಗೆ ನೋಡಲಾಗುವುದಿಲ್ಲ, ಬೈಕು ಓಡಿಸುವುದಂತೂ ಬೇಡವೇ ಬೇಡ.

ಜೂನ್, ಜುಲೈಯ ಎರಡು ಚುಚ್ಚುಮದ್ದುಗಳ ನಂತರ ಊತ 288ಕ್ಕೆ ಇಳಿದಿದೆ. ಒಪ್ಪಿಗೆ ಪತ್ರವನ್ನು ನಾನು ಕನ್ನಡಕ್ಕೆ ತಂದು, ಬದಿಯಡ್ಕದ ಡಿಟಿಪಿ ಅಂಗಡಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿದ್ದೇನೆ. ವೈದ್ಯರು ಓದಿ ತಿದ್ದಿ ಕೊಡುತ್ತೇನೆ ಎಂದಿದ್ದಾರೆ. ಮುಂದಿನ ತಿಂಗಳ ಮೊದಲ ಮಂಗಳವಾರ ಅಮ್ಮನ ಹತ್ತನೆಯ ಚುಚ್ಚುಮದ್ದು. ಆ ದಿನ ಅದನ್ನು ಒಯ್ಯುತ್ತೇನೆ.